ಗೋಣಿತಾಟಿನ ಅಂಗಡಿ

ಬೆಂಗಳೂರು ಒಂದೇ ಊರೆಂದು ಈಗಿನವರು ತಿಳಿಯಬಹುದು. ಹಳಬರ ಬಾಯಲ್ಲಿ ಅದು ಎರಡು: ಒಂದು ಪೇಟೆ, ಇನ್ನೊಂದು ದಂಡು. ಪೇಟೆಯದು ಕೆಂಪೇಗೌಡನ ಕಾಲದಿಂದ ಬಂದ ಸಂಸಾರ. ದಂಡಿನದು ೧೮೦೯ರಲ್ಲಿ ಹೂಡಿದ ಬಿಡಾರ. ಶ್ರೀರಂಗಪಟ್ಟಣದ ಹವೆ ಸಿಪಾಯಿಗಳಿಗೆ ಒಗ್ಗದೆ ಇಂಗ್ಲಿಷರು ಆ ವರ್ಷ ತಮ್ಮ ಸೈನ್ಯವನ್ನು ಹಲಸೂರಿನ ಕಡೆಯ ಬಯಲಿಗೆ ಕರೆತಂದರು. ಸೈನ್ಯವೆಂದರೆ ಬರಿಯ ಬಂದೂಕಲ್ಲ, ಅದಕ್ಕೊಂದು ಹೊಟ್ಟೆಯೂ ಉಂಟು. ಬೆಳಗಾದರೆ ಅಷ್ಟೂ ಜನಕ್ಕೆ ಸೊಪ್ಪು, ತರಕಾರಿ, ಹಣ್ಣು, ಮಾಂಸ ಒದಗಬೇಕು. ಸುತ್ತಣ ಹಳ್ಳಿಗಳ ಒಕ್ಕಲು ಮಕ್ಕಳಿಗೆ, ಕೈಗೆ ಕಾಸು ಕೊಡುವ ಗಿರಾಕಿ ಮನೆಯ ಬಾಗಿಲಿಗೇ ಬಂದು ನಿಂತಂತಾಯಿತು.

ಬೆಂಗಳೂರಿನ ಪೂರ್ವಭಾಗದಲ್ಲಿ ಬೆಳೆದವರೇ ಬೆಳೆದುದನ್ನು ಮಾರುವ ಕಥೆ ಬೆಳೆದದ್ದು ಹೀಗೆ.

ಹಲಸೂರು ದಂಡಿಗಿಂತ ಬಹಳ ಹಳೆಯದು. ಸೋಮೇಶ್ವರನ ಗುಡಿ, ಅದರ ಸುತ್ತ ಬೀದಿಗಳು, ಪಕ್ಕದಲ್ಲಿ ವಿಶಾಲವಾದ ಕೆರೆ. ಹಲಸಿನ ತೋಪಿನಿಂದಲೇ ಊರಿಗೆ ಆ ಹೆಸರು ಬಂದಿತೆಂದು ಹೇಳುವರು. ಕೆರೆಯಿದ್ದಲ್ಲಿ ತೋಟ, ತೋಟವಿದ್ದಲ್ಲಿ ಸೊಪ್ಪು. ಬೆಂಗಳೂರಿನ ತೋಟಗಾರಿಕೆಯ ಮಾತು ಬಂದರೆ ಕರಗದ ಉತ್ಸವಕ್ಕೆ ಹೆಸರಾದ ತಿಗಳ ಸಮುದಾಯದವರನ್ನು ನೆನೆಯದೆ ಮುಂದುವರಿಯಲಾಗದು. ಅಂಗೈಯಗಲದ ಮಡಿಯಲ್ಲಿ ವರ್ಷಕ್ಕೆ ಹಲವು ಬಗೆ ಬೆಳೆ ತೆಗೆಯುವ ಕೈಗುಣ ಅವರದು.

ದೊರೆಗಳ ನಾಲಗೆಗೆ ನಮ್ಮ ದಂಟು, ಹರಿವೆ ರುಚಿಸಲಿಲ್ಲ. ಅವರ ಮೇಜಿಗಾಗಿ ಕೋಸು, ಹೂಕೋಸು, ನವಿಲುಕೋಸು, ಬಟಾಣಿ, ಬೀಟ್‌ರೂಟ್ ಇಲ್ಲಿನ ಮಣ್ಣಿಗಿಳಿದವು. ಮೊದಲು ಮೂಗು ಮುರಿದ ನಮ್ಮವರೇ ಆಮೇಲೆ ಹುಳಿಗೂ ಪಲ್ಯಕ್ಕೂ ಹಾಕಿ ಅವನ್ನು ಮಡಿ ಮಾಡಿಕೊಂಡರು. ಸೀಮೆಬದನೆಯ ಕಥೆಯಂತೂ ಸೊಗಸಾಗಿದೆ. ಪರದೇಶದಿಂದ ಬಂದದ್ದೆಂದು ಕನ್ನಡಿಗರು ಅದನ್ನು ಸೀಮೆಗೆ ಸೇರಿಸಿದರು. ತಮಿಳರು ಅದಕ್ಕೆ ಬೆಂಗಳೂರು ಕತ್ತರಿಕ್ಕಾಯ್ ಎನ್ನುವರು, ತೆಲುಗರು ಬೆಂಗಳೂರು ವಂಕಾಯ ಎನ್ನುವರು. ನಾವು ನಮ್ಮದಲ್ಲವೆಂದೆವು, ನೆರೆಯವರು ನಿಮ್ಮದೇ ಎಂದರು. ಮೆಕ್ಸಿಕೋ ಸೀಮೆಯ ಆ ಬಳ್ಳಿ ಮಾತ್ರ ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳದೆ ಚಪ್ಪರ ಹಬ್ಬಿತು.

೧೮೮೧ರಲ್ಲಿ ಮೈಸೂರು ಸಂಸ್ಥಾನವನ್ನು ಅರಸರಿಗೆ ಹಿಂದಿರುಗಿಸಿದಾಗಲೂ ದಂಡನ್ನು ಇಂಗ್ಲಿಷರು ಬಿಡಲಿಲ್ಲ. ಅದಕ್ಕೆ ಬೇರೆ ಆಡಳಿತ, ಬೇರೆ ಪುರಸಭೆ, ಬೇರೆ ಮಾರುಕಟ್ಟೆ. ಇಂದು ಶಿವಾಜಿನಗರವೆನ್ನುವ ಭಾಗಕ್ಕೆ ಆಗ ಬ್ಲ್ಯಾಕ್‌ಪಲ್ಲಿ ಎಂಬ ಹೆಸರಿತ್ತು. ಬಿಳಿ ಅಕ್ಕಿ ಬೆಳೆಯುತ್ತಿದ್ದ ‘ಬಿಳಿಯಕ್ಕಿಪಳ್ಳಿ’ಯೇ ದೊರೆಗಳ ಬಾಯಲ್ಲಿ ಬಣ್ಣಗೆಟ್ಟು ಕಪ್ಪಾಯಿತೆಂದು ಹೇಳುವವರಿದ್ದಾರೆ. ಅಲ್ಲಿಯೇ ೧೯೨೭ರಲ್ಲಿ ರಸೆಲ್ ಮಾರುಕಟ್ಟೆ ಎದ್ದಿತು. ಪುರಸಭೆಯ ಕಮಿಷನರಾಗಿದ್ದ ಟಿ. ಬಿ. ರಸೆಲ್ ಅವರ ಹೆಸರು ಅದಕ್ಕೆ. ೧೯೩೩ರಲ್ಲಿ ಅದನ್ನು ವಿಧ್ಯುಕ್ತವಾಗಿ ತೆರೆದವರು ದಂಡಿನ ಪ್ರಸಿದ್ಧ ವರ್ತಕ ಹಾಜಿ ಸರ್ ಇಸ್ಮಾಯಿಲ್ ಸೇಠರು. ಕಮಾನು, ಗೋಪುರಗಳಿಂದ ಕೂಡಿದ ಅದರ ಮುಂಭಾಗವನ್ನು ನೋಡಿದವರು ಅದೊಂದು ಸಣ್ಣ ಅರಮನೆಯೆಂದು ಭ್ರಮಿಸಿದರೆ ಆಶ್ಚರ್ಯವಿಲ್ಲ. ಒಳಗೆ ಹೋದರೆ ಹಣ್ಣು, ತರಕಾರಿ, ಹೂವು, ಮೀನು, ಮಾಂಸ, ಎಲ್ಲವೂ ಒಂದೇ ಸೂರಿನಡಿ. ಹತ್ತಿರದ ಸಂತ ಮೇರಿಯಮ್ಮನ ಬಸಿಲಿಕಾದಲ್ಲಿ ಸೆಪ್ಟೆಂಬರ್ ತಿಂಗಳ ಉತ್ಸವ, ರಂಜಾನಿನ ಸಂಜೆಗಳು, ಡಿಸೆಂಬರಿನ ಕೇಕಿಗೆ ಬೇಕಾದ ಒಣಹಣ್ಣು: ಹೀಗೆ ವರ್ಷವಿಡೀ ಒಂದಲ್ಲ ಒಂದು ಧರ್ಮದ ಹಬ್ಬ ಈ ಮಾರುಕಟ್ಟೆಗೆ ಗಿರಾಕಿಗಳನ್ನು ನೂಕುತ್ತದೆ. ೨೦೧೨ರ ಫೆಬ್ರುವರಿ ೨೫ರ ಬೆಳಗಿನ ಜಾವ ಬೆಂಕಿ ಬಿದ್ದು ಬಹಳಷ್ಟು ಮಳಿಗೆಗಳು ಸುಟ್ಟುಹೋದವು. ಮಳಿಗೆಯವರು ಎದೆಗುಂದದೆ ಮತ್ತೆ ಕಟ್ಟಿಕೊಂಡು ಕುಳಿತರು.

ಆದರೆ ಒಂದು ಮಾತನ್ನು ಇಲ್ಲಿಯೇ ಹೇಳಬೇಕು. ರಸೆಲ್ ಮಾರುಕಟ್ಟೆಯ ಒಳಗೆ ಮಳಿಗೆ ಹಿಡಿದು ಕುಳಿತವರು ವ್ಯಾಪಾರಸ್ಥರು, ಬೆಳೆಗಾರರಲ್ಲ. ಕಲ್ಲುಕಟ್ಟಡದಲ್ಲಿ ಮಳಿಗೆ ಬೇಕಾದರೆ ಪರವಾನಗಿ ಬೇಕು, ಬಾಡಿಗೆ ಬೇಕು, ವರ್ಷವಿಡೀ ಸರಕು ಬೇಕು. ಎರಡು ಎಕರೆ ಹೊಲದವನಿಗೆ ಈ ಮೂರೂ ದೂರ. ಅವನ ಅಂಗಡಿ ಗೋಣಿತಾಟು. ಅದನ್ನು ಹಾಸಲು ಒಂದು ತುಂಡು ನೆಲ ಸಿಕ್ಕರೆ ಅವನು ಅಂದಿನ ಮಟ್ಟಿಗೆ ವರ್ತಕ; ಸಿಗದಿದ್ದರೆ ಮಂಡಿಯ ದಲ್ಲಾಳಿ ಹೇಳಿದ ಬೆಲೆಗೆ ತಲೆಯಾಡಿಸುವ ಬಡಪಾಯಿ. ಅಂಥ ನೆಲವನ್ನು ನೋಡಬೇಕಾದರೆ ಹಳೆಯ ಮದರಾಸು ರಸ್ತೆ ಹಿಡಿದು ಪೂರ್ವಕ್ಕೆ, ಕೃಷ್ಣರಾಜಪುರದ ವಾರದ ಸಂತೆಗೆ ಹೋಗಬೇಕು.

ಆ ದಾರಿಯೇ ಒಂದು ಚರಿತ್ರೆ. ಹಲಸೂರು ದಾಟಿದರೆ ಇಂದಿರಾನಗರ. ಇಂದು ಹೋಟೆಲುಗಳಿಗೂ ಬಟ್ಟೆಯಂಗಡಿಗಳಿಗೂ ಹೆಸರಾದ ಈ ಬಡಾವಣೆ ಬಿನ್ನಮಂಗಲ, ದೊಮ್ಮಲೂರು, ತಿಪ್ಪಸಂದ್ರಗಳೆಂಬ ಹಳ್ಳಿಗಳ ನಡುವೆ ಮೇಲೆದ್ದದ್ದು. ಹಳ್ಳಿಗಳ ಹೆಸರು ಈಗ ಬಸ್ಸಿನ ಫಲಕಗಳಲ್ಲಿ ಉಳಿದಿದೆ. ದಾರಿಯುದ್ದಕ್ಕೂ ಗಿರಾಕಿಗಳು ಕಾಲಕಾಲಕ್ಕೆ ಬದಲಾದರು. ಮೊದಲು ಸಿಪಾಯಿಗಳು. ೧೯೪೦ರಲ್ಲಿ ವಿಮಾನ ಕಾರ್ಖಾನೆ ಬಂದಿತು, ೧೯೪೮ರಲ್ಲಿ ಕೃಷ್ಣರಾಜಪುರದ ಬಳಿ ಟೆಲಿಫೋನ್ ಕಾರ್ಖಾನೆ ಬಂದು ಅದರ ವಸತಿಗೆ ದೂರವಾಣಿನಗರವೆಂಬ ಅಂದವಾದ ಹೆಸರಾಯಿತು, ೧೯೫೬ರಲ್ಲಿ ಎನ್.ಜಿ.ಇ.ಎಫ್. ಸ್ಥಾಪನೆಯಾಯಿತು. ಒಂದನೆಯ ತಾರೀಖು ಸಂಬಳ ಎಣಿಸುವ ಸಾವಿರಾರು ಮನೆಗಳು ಎಂದರೆ ಸೊಪ್ಪು ಮಾರುವವರಿಗೆ ಭಾಗ್ಯವೇ ಸರಿ. ಎನ್.ಜಿ.ಇ.ಎಫ್. ೨೦೦೨ರಲ್ಲಿ ಮುಚ್ಚಿತು. ಅಷ್ಟರಲ್ಲಿ ವೈಟ್‌ಫೀಲ್ಡಿನ ಕಡೆ ಗಾಜಿನ ಕಟ್ಟಡಗಳೆದ್ದು ಕಂಪ್ಯೂಟರಿನ ಮುಂದೆ ಕುಳಿತು ದುಡಿಯುವ ಹೊಸ ಗಿರಾಕಿ ಬಂದ. ಗಿರಾಕಿ ಬದಲಾದ, ಗೋಣಿತಾಟು ಬದಲಾಗಲಿಲ್ಲ.

ಕೃಷ್ಣರಾಜಪುರ ಬಹುಕಾಲ ಬೆಂಗಳೂರಿನ ಹೊರಗಿನ ಊರು. ಅದರ ಪುರಸಭೆ ಮಹಾನಗರ ಪಾಲಿಕೆಯಲ್ಲಿ ಕೂಡಿದ್ದು ೨೦೦೭ರಲ್ಲಿ. ೨೦೨೫ರಲ್ಲಿ ಪಾಲಿಕೆಯನ್ನೇ ಐದಾಗಿ ಒಡೆದು ಇದನ್ನು ಪೂರ್ವ ಭಾಗಕ್ಕೆ ಸೇರಿಸಲಾಯಿತು. ಫಲಕ ಎಷ್ಟು ಸಲ ಬದಲಾದರೂ ಸಂತೆಗೆ ಬರುವವರ ದಿಕ್ಕು ಒಂದೇ: ಹೊಸಕೋಟೆ, ಮಾಲೂರು, ಕೋಲಾರ, ಚಿಂತಾಮಣಿಯ ಕಡೆ. ೧೮೬೪ರಲ್ಲಿ ದಂಡಿಗೂ ಜೋಲಾರಪೇಟೆಗೂ ನಡುವೆ ಹಾಕಿದ ರೈಲುದಾರಿ ಬಂಗಾರಪೇಟೆ, ಮಾಲೂರುಗಳನ್ನು ಹಾಯ್ದು ಇಲ್ಲಿಗೆ ಬರುವುದು. ರಸ್ತೆಯಂತೂ ಹೊಸಕೋಟೆಯಿಂದ ನೇರ. ಬುಟ್ಟಿ ಹೊತ್ತವರಿಗೆ ಬಸ್ಸು, ನಾಲ್ಕು ಮನೆಯವರು ಕೂಡಿದರೆ ಒಂದು ಬಾಡಿಗೆಯ ಟೆಂಪೋ.

ಸಂತೆಯಲ್ಲಿ ಕುಳಿತವರೆಲ್ಲ ಬೆಳೆದವರೆಂದು ತಿಳಿಯಬಾರದು. ಮಂಡಿಯಲ್ಲಿ ಕೊಂಡು ತಂದು ಮಾರುವವರೂ ಬಹಳ. ಅದು ಕೂಡ ಮರ್ಯಾದೆಯ ಉದ್ಯೋಗವೇ. ಆದರೆ ಕಣ್ಣಿದ್ದವರಿಗೆ ವ್ಯತ್ಯಾಸ ತಿಳಿಯುತ್ತದೆ. ಕೊಂಡು ತಂದವರ ಮುಂದೆ ಹತ್ತು ಬಗೆಯ ತರಕಾರಿ, ಎಲ್ಲವೂ ಒಂದೇ ಅಳತೆ, ಒಂದೇ ಹೊಳಪು. ಬೆಳೆದವರ ಮುಂದೆ ಇರುವುದು ಎರಡೋ ಮೂರೋ ಬಗೆ: ಒಂದು ರಾಶಿ ಮೂಲಂಗಿ, ನಾಲ್ಕು ಹಿಡಿ ನುಗ್ಗೆಕಾಯಿ, ಒದ್ದೆ ಗೋಣಿ ಹೊದೆಸಿದ ಕೊತ್ತಂಬರಿ. ಮೂಲಂಗಿ ಒಂದು ಉದ್ದ, ಒಂದು ಗಿಡ್ಡ, ಒಂದು ಸೊಟ್ಟ. ಸೊಪ್ಪಿನ ಬೇರಿನಲ್ಲಿ ಹೊಲದ ಕೆಮ್ಮಣ್ಣು ಇನ್ನೂ ಹಸಿಯಾಗಿರುವುದು. ಬೆಲೆ ಕೇಳಿದರೆ ಬೆಲೆ ಹೇಳುವ ಮೊದಲು ಬೆಳೆಯ ಸಮಾಚಾರ ಹೇಳುವರು. ಅದೇ ದೊಡ್ಡ ಗುರುತು.

ಅವಳ ಅಂಗಡಿಗೆ ತಕ್ಕಡಿಯೂ ಅಗತ್ಯವಿಲ್ಲ. ಅವಳೆನ್ನುವುದೇ ಸರಿ, ಏಕೆಂದರೆ ಗೋಣಿತಾಟಿನ ಹಿಂದೆ ಕುಳಿತವರಲ್ಲಿ ಹೆಂಗಸರೇ ಹೆಚ್ಚು. ನಮ್ಮ ದೇಶ ಸೇರು, ಮಣ, ಪಾವುಗಳನ್ನು ಬಿಟ್ಟು ಕಿಲೋಗ್ರಾಮಿಗೆ ಬರಬೇಕೆಂದು ೧೯೫೬ರಲ್ಲಿ ಕಾನೂನಾಯಿತು. ೧೯೫೮ರಿಂದ ಹೊಸ ತೂಕ ಜಾರಿಗೆ ಬಂದಿತು. ಆದರೆ ಸೊಪ್ಪು ಅಂದೂ ಕಟ್ಟಿನ ಲೆಕ್ಕ, ಇಂದೂ ಕಟ್ಟಿನ ಲೆಕ್ಕ. ನಿಂಬೆ, ಟೊಮ್ಯಾಟೊ ಗುಡ್ಡೆಯ ಲೆಕ್ಕ. ಹೂವು ಮೊಳ, ಮಾರಿನ ಲೆಕ್ಕ. ಮೊಳ ಹಾಕುವ ಕೈ ಉದ್ದವೋ ಗಿಡ್ಡವೋ ಎಂಬುದು ಗಿರಾಕಿಯ ಅದೃಷ್ಟ! ಈ ಅಳತೆಗಳಲ್ಲಿ ಒಂದು ಜಾಣತನವಿದೆ. ಮಳೆ ಬಂದು ಸೊಪ್ಪು ಸಮೃದ್ಧಿಯಾದಾಗ ಕಟ್ಟು ದಪ್ಪವಾಗುವುದು, ಬಿಸಿಲು ಕಾಲದಲ್ಲಿ ಸಣ್ಣದಾಗುವುದು, ಬೆಲೆ ಮಾತ್ರ ಕೆಲಕಾಲ ಹಾಗೆಯೇ ನಿಂತಿರುವುದು. ಅರ್ಥಶಾಸ್ತ್ರಜ್ಞರು ಪುಟಗಟ್ಟಲೆ ಬರೆಯುವ ವಿಷಯವನ್ನು ಅವಳು ಬಾಳೆನಾರಿನ ಒಂದು ಗಂಟಿನಲ್ಲಿ ಮುಗಿಸುವಳು.

ಗಿರಾಕಿ ಬಂದರೆ ಮಾತು ಬಹುಮಟ್ಟಿಗೆ ಹೀಗೆ ಸಾಗುವುದು.

“ಎಷ್ಟಮ್ಮಾ ಮೆಂತ್ಯ?”

“ನಿಮಗೆ ಹೆಚ್ಚಿಗೆ ಹೇಳ್ತೀನಾ ಅಕ್ಕಾ? ಇಪ್ಪತ್ತು.”

“ಇಷ್ಟು ಸಣ್ಣ ಕಟ್ಟಿಗೆ? ಹದಿನೈದು ಮಾಡಿಕೋ.”

“ಬೋಣಿ ಹೊತ್ತು ತಾಯಿ, ಇಲ್ಲ ಅನ್ನಬೇಡಿ. ಕತ್ತಲಲ್ಲಿ ಎದ್ದು ಕಿತ್ತದ್ದು.”

“ಆಗಲಿ, ಕೊಸರು ಹಾಕು ಮತ್ತೆ.”

ನಾಲ್ಕು ಎಳೆ ಕೊತ್ತಂಬರಿ ಚೀಲಕ್ಕೆ ಬೀಳುವುದು. ಗೆದ್ದೆನೆಂದು ಗಿರಾಕಿಗೂ ಸಂತೋಷ, ಬೆಲೆ ಬಿಡಲಿಲ್ಲವೆಂದು ಮಾರುವವಳಿಗೂ ಸಂತೋಷ. ಈ ಬೋಣಿ, ಕೊಸರು ಎಂಬ ಎರಡು ಮಾತುಗಳನ್ನು ಕಲಿತವರು ದಂಡಿನ ಯಾವ ಮಾರುಕಟ್ಟೆಯಲ್ಲಾದರೂ ಬದುಕಬಹುದು. ಕೊಸರು ತಮಿಳಿಗೂ ತೆಲುಗಿಗೂ ಅಷ್ಟಿಷ್ಟು ಉಚ್ಚಾರ ಬದಲಿಸಿಕೊಂಡು ಸಲ್ಲುವುದು. ಬೋಣಿಯಂತೂ ಶಿವಾಜಿನಗರದ ದಖನಿ ಮಾತಿನಲ್ಲೂ ಇದೆ. ಹೊಸಕೋಟೆಯ ಕಡೆಯ ಒಕ್ಕಲಗಿತ್ತಿ ಕನ್ನಡದಲ್ಲಿ ಬೆಲೆ ಹೇಳಿ, ತೆಲುಗಿನಲ್ಲಿ ಪಕ್ಕದವಳೊಡನೆ ಚಿಲ್ಲರೆ ಬದಲಿಸಿ, ತಮಿಳಿನಲ್ಲಿ ಚೌಕಾಸಿ ಮಾಡಿ, ಉರ್ದುವಿನಲ್ಲಿ “ಲೇವೋ ಭಾಯಿ” ಎಂದು ಕೂಗುವುದನ್ನು ಕೇಳಿದರೆ ನಾಲ್ಕು ಭಾಷೆ ಕಲಿಯಲು ಶಾಲೆಯೇ ಬೇಕೆನ್ನುವವರು ಸ್ವಲ್ಪ ಯೋಚಿಸಬೇಕಾದೀತು.

ಇಷ್ಟೆಲ್ಲ ಶ್ರಮಪಟ್ಟು ತಾನೇ ಕುಳಿತು ಮಾರುವುದರಿಂದ ಬೆಳೆದವಳಿಗೆ ಲಾಭವೇನು? ಮಂಡಿಯಲ್ಲಿ ಬೆಳಗಿನ ಜಾವ ಹರಾಜಾದ ಸೊಪ್ಪು ಗಿರಾಕಿಯ ಚೀಲ ಸೇರುವಷ್ಟರಲ್ಲಿ ಎರಡು ಮೂರು ಕೈ ದಾಟುವುದು, ಪ್ರತಿಯೊಂದು ಕೈಗೂ ಒಂದಷ್ಟು ಅಂಟಿಕೊಳ್ಳುವುದು. ತಾನೇ ಮಾರಿದರೆ ಅದಷ್ಟೂ ತನಗೆ. ಲೆಕ್ಕ ಇಲ್ಲಿಗೆ ಮುಗಿದಿದ್ದರೆ ಮಂಡಿಗಳು ಎಂದೋ ಮುಚ್ಚಬೇಕಿತ್ತು. ಮಂಡಿಗೆ ಹಾಕಿದವಳು ಹತ್ತು ಗಂಟೆಗೆ ಮನೆ ಸೇರಿ ಕಳೆ ಕೀಳುವಳು. ಸಂತೆಯಲ್ಲಿ ಕುಳಿತವಳಿಗೆ ಹಗಲೆಲ್ಲ ಅಲ್ಲಿಯೇ ಸಂದುಹೋಗುವುದು. ಬಸ್ಸಿನ ಖರ್ಚು, ನೆಲದ ಸುಂಕ, ಮಧ್ಯಾಹ್ನದ ಊಟ, ಮನೆಯಲ್ಲಿ ಹಾಲು ಕರೆಯಲು ಇನ್ನೊಬ್ಬರ ಕೈಕಾಲು ಹಿಡಿದದ್ದು, ಇವೆಲ್ಲವನ್ನೂ ಕಳೆದರೆ ಉಳಿದದ್ದು ಲಾಭವಲ್ಲ, ಅವಳ ಒಂದು ದಿನದ ಕೂಲಿ. ಆ ಕೂಲಿ ಕಳೆ ಕೀಳುವ ಕೂಲಿಗಿಂತ ಹೆಚ್ಚಾದ ದಿನ ಮಾತ್ರ ಸಂತೆ ಗೆದ್ದಂತೆ.

ಆದ್ದರಿಂದಲೇ ಯಾವುದನ್ನು ಸಂತೆಗೆ ತರಬೇಕು, ಯಾವುದನ್ನು ತರಬಾರದು ಎಂಬುದು ಅವಳಿಗೆ ಚೆನ್ನಾಗಿ ಗೊತ್ತು. ಲಾರಿ ತುಂಬುವಷ್ಟು ಟೊಮ್ಯಾಟೊವನ್ನು ಗೋಣಿತಾಟಿನ ಮೇಲೆ ಮಾರಲಾಗದು. ಅದು ಕೋಲಾರದ ದೊಡ್ಡ ಮಾರುಕಟ್ಟೆಗೇ ಹೋಗಬೇಕು. ತಲೆಹೊರೆಯಷ್ಟಿರುವುದು, ಬೇಗ ಬಾಡುವುದು, ಮಂಡಿಯವನು ತಾತ್ಸಾರ ಮಾಡುವುದು: ಬದುವಿನ ಮೇಲೆ ಬೆಳೆದ ನುಗ್ಗೆ, ಸಾಲುಗಳ ನಡುವಿನ ಹೊನಗನ್ನೆ, ಹಿತ್ತಲ ಕರಿಬೇವು, ಮನೆಗೆ ಮಿಕ್ಕ ಸೌತೆ, ಇವು ಸಂತೆಯ ಸರಕು. ಇದರ ಹಣ ಅನೇಕ ಮನೆಗಳಲ್ಲಿ ಯಜಮಾನನ ಲೆಕ್ಕಕ್ಕೆ ಬಾರದೆ ಹೆಂಗಸಿನ ಸೊಂಟದ ಚೀಲದಲ್ಲಿಯೇ ಉಳಿಯುವುದುಂಟು. ಮಕ್ಕಳ ಪುಸ್ತಕ, ಔಷಧಿ, ಸಂಘದ ಸಾಲದ ಕಂತು ಅಲ್ಲಿಂದಲೇ ನಡೆಯುವುವು.

ಹೊತ್ತು ಏರಿದಂತೆ ಆಟ ಬದಲಾಗುವುದು. ಬೆಳಗ್ಗೆ ಬೆಲೆ ಬಿಡದವಳು ಮಧ್ಯಾಹ್ನ ನೀರು ಚಿಮುಕಿಸುತ್ತ ಆಕಾಶ ನೋಡುವಳು. ಧಾನ್ಯ ಇಂದಲ್ಲದಿದ್ದರೆ ಮುಂದಿನ ವಾರ ಮಾರೀತು. ಕೊತ್ತಂಬರಿಗೆ ಮುಂದಿನ ವಾರವಿಲ್ಲ. ನಾಲ್ಕು ಗಂಟೆಯ ಮೇಲೆ ಉಳಿದ ಸರಕನ್ನೆಲ್ಲ ಸಾರಾಸಗಟಾಗಿ ಕೇಳಲು ತಳ್ಳುಗಾಡಿಯವರು ಬರುವರು. ಅವರಿಗೆ ಅವಳ ಕೊನೆಯ ಬಸ್ಸಿನ ಹೊತ್ತು ಗೊತ್ತು. ದಿನವೆಲ್ಲ ಗಳಿಸಿದ್ದನ್ನು ಈ ಅರ್ಧ ಗಂಟೆಯಲ್ಲಿ ಕಳೆದುಕೊಳ್ಳದೆ ಎದ್ದವಳೇ ಪಳಗಿದ ವ್ಯಾಪಾರಗಾತಿ.

ಈ ಕಷ್ಟವನ್ನು ತಪ್ಪಿಸಲು ದೊಡ್ಡ ಪ್ರಯತ್ನಗಳು ನಡೆಯದೆ ಇಲ್ಲ. ಬೆಂಗಳೂರಿನ ಸುತ್ತ ದ್ರಾಕ್ಷಿ ಬೆಳೆದವರು ಮಧ್ಯವರ್ತಿಗಳ ಕೈಗೆ ಸಿಕ್ಕಿ ನಲುಗುತ್ತಿದ್ದಾಗ, ತೋಟಗಾರಿಕೆಗೆ ತಮ್ಮ ಬಾಳನ್ನೇ ಮುಡಿಪಿಟ್ಟ ಡಾ. ಎಂ. ಎಚ್. ಮರಿಗೌಡರ ಪ್ರೇರಣೆಯಿಂದ ೧೯೫೯ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘ ಹುಟ್ಟಿತು. ಮುಂದೆ ಅದು ಎಲ್ಲ ಹಣ್ಣು ತರಕಾರಿಗಳಿಗೂ ಕೈಚಾಚಿ ಹಾಪ್‌ಕಾಮ್ಸ್ ಎಂದು ಹೆಸರಾಯಿತು. ಬೆಳೆಗಾರನಿಂದ ನೇರ ಕೊಂಡು ತನ್ನದೇ ಮಳಿಗೆಗಳಲ್ಲಿ ತೂಗಿ ಮಾರುವುದು ಅದರ ಕ್ರಮ. ಬೆಲೆ ಬರೆದ ಹಲಗೆ, ಚೌಕಾಸಿಯಿಲ್ಲ. ೨೦೦೩ರಲ್ಲಿ ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಲಿಯವರು ವೈಟ್‌ಫೀಲ್ಡಿನ ಆಚೆ ಕಣ್ಣಮಂಗಲದಲ್ಲಿ ಸಫಲ್ ಹರಾಜು ಮಾರುಕಟ್ಟೆಯನ್ನು ಬಹಳ ಆಸೆಯಿಂದ ಕಟ್ಟಿದರು. ಅದರ ಅಳತೆಗೆ ತಕ್ಕಷ್ಟು ಸರಕು ಬರಲೇ ಇಲ್ಲ. ಹಳೆಯ ಮಂಡಿಯಲ್ಲಿ ದಲ್ಲಾಳಿ ಬೆಲೆ ಮುರಿಯುವನು ನಿಜ. ಮಗಳ ಮದುವೆಗೆ ಮುಂಗಡ ಕೊಡುವವನೂ ಅವನೇ. ಆ ಮುಂಗಡದ ಗಂಟನ್ನು ಬಿಚ್ಚದೆ ಬರಿಯ ಕಟ್ಟಡ ಕಟ್ಟಿದರೆ ರೈತ ಬರುವುದು ಕಷ್ಟ.

ದುಡ್ಡಿನ ರೂಪವೂ ಬದಲಾಗಿದೆ. ಸೊಪ್ಪಿನ ಬುಟ್ಟಿಗೆ ಒರಗಿಸಿದ ಕ್ಯೂಆರ್ ಕೋಡಿನ ಕಾರ್ಡು ಈಗ ಸಾಮಾನ್ಯ ನೋಟ. ಚಿಲ್ಲರೆಯ ಜಗಳ ಅದರಿಂದ ಎಷ್ಟೋ ತಗ್ಗಿತು. ಆದರೆ ೨೦೨೫ರ ಜುಲೈಯಲ್ಲಿ, ಫೋನಿನ ಮೂಲಕ ಬಂದ ಹಣದ ಲೆಕ್ಕ ಹಿಡಿದು ಬೆಂಗಳೂರಿನ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ಇಲಾಖೆಯ ನೋಟೀಸುಗಳು ಬಂದಾಗ ಎಷ್ಟೋ ಕಡೆ ಆ ಕಾರ್ಡುಗಳು ಮಾಯವಾದವು. ಹಸಿ ತರಕಾರಿಗೆ ಆ ತೆರಿಗೆಯೇ ಇಲ್ಲ. ಇಲ್ಲವೆಂಬುದನ್ನು ಗೋಣಿತಾಟಿನ ಮೇಲೆ ಕುಳಿತವಳಿಗೆ ಹೇಳುವವರು ಬೇಕಲ್ಲ!

ಗಿರಾಕಿಗಳಿಗೂ ಹೊಸ ಅನುಮಾನ ಹುಟ್ಟಿದೆ: “ಇದು ಯಾವ ನೀರಿನ ಸೊಪ್ಪಮ್ಮಾ?” ಬೆಳ್ಳಂದೂರು, ವರ್ತೂರು ಕೆರೆಗಳಿಗೆ ನಗರದ ಕೊಳಚೆ ಹರಿದು, ನೊರೆಯೆದ್ದು, ಬೆಂಕಿಯೂ ಹತ್ತಿದ ಸುದ್ದಿಯನ್ನು ಓದಿದವರು ಹೀಗೆ ಕೇಳಿದರೆ ತಪ್ಪೆನ್ನಲಾಗದು. ೨೦೧೮ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಶುದ್ಧೀಕರಿಸಿ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸಲಾಗುತ್ತಿದೆ. ಬತ್ತಿದ ಕೆರೆ ತುಂಬಿತೆಂದು ಸಂತೋಷಪಟ್ಟವರೂ ಉಂಟು, ಶುದ್ಧಿ ಸಾಲದೆಂದು ನ್ಯಾಯಾಲಯದ ಮೆಟ್ಟಿಲು ಹತ್ತಿದವರೂ ಉಂಟು. ಬೆಂಗಳೂರಿನ ನೀರು ಕೋಲಾರಕ್ಕೆ ಹೋಗಿ, ಕೋಲಾರದ ಸೊಪ್ಪು ಬೆಂಗಳೂರಿಗೆ ಬರುವ ಈ ಕೊಡುಕೊಳ್ಳುವಿಕೆಯನ್ನು ದಂಡು ಕಟ್ಟಿದವರು ಕನಸಿನಲ್ಲೂ ಕಂಡಿರಲಾರರು.

ಇವೆಲ್ಲಕ್ಕಿಂತ ದೊಡ್ಡ ಚಿಂತೆ ಕುಳಿತುಕೊಳ್ಳುವ ನೆಲದ್ದು. ೨೦೧೧ರಲ್ಲಿ ಬೈಯಪ್ಪನಹಳ್ಳಿಯವರೆಗೆ ಓಡಿದ ಮೆಟ್ರೋ ರೈಲು ೨೦೨೩ರಲ್ಲಿ ಕೃಷ್ಣರಾಜಪುರವನ್ನು ದಾಟಿ ವೈಟ್‌ಫೀಲ್ಡಿಗೆ ಮುಟ್ಟಿತು. ಮೇಲೆ ರೈಲು, ಪಕ್ಕದಲ್ಲಿ ತೂಗುಸೇತುವೆ, ಕೆಳಗೆ ಹೊಗೆಯುಗುಳುವ ವಾಹನಗಳ ಸಾಲು. ಇವುಗಳ ನಡುವೆ ಸಂತೆ ಮೈ ಕುಗ್ಗಿಸಿಕೊಂಡು ಕೂರಬೇಕು. ಬೀದಿ ವ್ಯಾಪಾರಿಗಳ ರಕ್ಷಣೆಗೆಂದು ೨೦೧೪ರಲ್ಲಿ ಕೇಂದ್ರದ ಕಾಯಿದೆ ಬಂದಿತು. ವ್ಯಾಪಾರಿಗಳನ್ನು ಎಣಿಸಿ ಪ್ರಮಾಣಪತ್ರ ಕೊಡಬೇಕು, ಎಣಿಕೆ ಮುಗಿಯುವವರೆಗೆ ಯಾರನ್ನೂ ಎಬ್ಬಿಸಬಾರದು, ಜನ ತಲೆತಲಾಂತರದಿಂದ ಕೊಡುಕೊಳ್ಳುವ ಜಾಗವನ್ನು ಸಹಜ ಮಾರುಕಟ್ಟೆಯೆಂದು ಗಣಿಸಬೇಕು ಎಂದೆಲ್ಲ ಅದರಲ್ಲಿದೆ. ಪಟ್ಟಣದ ಸಮಿತಿಯಲ್ಲಿ ವ್ಯಾಪಾರಿಗಳ ಪ್ರತಿನಿಧಿಗಳಿಗೆ ನೂರಕ್ಕೆ ನಲವತ್ತು ಸ್ಥಾನ. ಒಳ್ಳೆಯ ಕಾಯಿದೆ. ಆದರೆ ದಿನವೂ ಒಂದೇ ಮೂಲೆಯಲ್ಲಿ ಕೂರುವವರನ್ನು ಎಣಿಸುವುದು ಸುಲಭ. ವಾರಕ್ಕೊಮ್ಮೆ ಬರುವ ಬೆಳೆಗಾತಿ, ಎಣಿಸುವವರು ಬಂದ ದಿನ ತನ್ನ ಹೊಲದಲ್ಲಿದ್ದರೆ ಯಾರ ಪುಸ್ತಕದಲ್ಲಿ ಅವಳ ಹೆಸರು ಬರುವುದು?

ಸಂತೆಯನ್ನು ನೋಡಬೇಕೆನ್ನುವವರು ಎಂಟು ಗಂಟೆಯೊಳಗೆ ಹೋಗುವುದು ಲೇಸು. ಗಟ್ಟಿಯಾದ ಬಟ್ಟೆಚೀಲ, ಜೇಬಿನಲ್ಲಿ ಸ್ವಲ್ಪ ಚಿಲ್ಲರೆ ಇರಲಿ. ಡಿಸೆಂಬರ್, ಜನವರಿಯಾದರೆ ಬೇರೆ ಏನನ್ನೂ ಹುಡುಕಬೇಕಾಗಿಲ್ಲ. ಸೊಗಡಿನ ವಾಸನೆ ಹಿಡಿದು ನಡೆದರೆ ಸಾಕು, ಅವರೆಕಾಯಿಯ ರಾಶಿಯ ಮುಂದೆ ಹೋಗಿ ನಿಲ್ಲುವರು. ಮಂಜು ಬಿದ್ದ ಕಾಯಿಗೆ ಸೊಗಡು ಹೆಚ್ಚೆಂದು ಮಾರುವವಳು ಹೇಳುವಳು, ನಂಬಬಹುದು. ಎರಡು ಕಿಲೋ ಕೊಳ್ಳಹೋದವರು ಆ ವಾಸನೆಗೆ ಮರುಳಾಗಿ ಐದು ಕಿಲೋ ಕೊಳ್ಳುವುದುಂಟು. ಸುಲಿದು, ನೆನೆಹಾಕಿ, ಒಂದೊಂದಾಗಿ ಹಿತುಕಲು ಮನೆಯಲ್ಲಿ ಎಷ್ಟು ಕೈಗಳಿವೆ ಎಂಬುದನ್ನು ಮೊದಲೇ ಎಣಿಸಿಕೊಂಡು ಹೊರಡುವುದು ಕ್ಷೇಮ.